ಸೀಟಿ ಊದದಿರುವ ವಿದ್ಯೆ

ತರಬೇತಿಗೆಂದು ನನ್ನ ಬಳಿ ಬರುವ ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚಿನವು ಮೊಸರನ್ನ ಉಂಡು ಸೋಫಾ ಹಿಡಿದವು. ಆದರೂ ಎಸೆದದ್ದನ್ನು ಓಡಿ ತರುವ ಹುಟ್ಟುಗುಣ ಅವುಗಳಲ್ಲಿ ಅಳಿದಿರುವುದಿಲ್ಲ. ಆ ಗುಣವನ್ನು ಎಲ್ಲಿಯವರೆಗೆ ತಿದ್ದಬಹುದು ಎಂದು ಕೇಳುವವರಿಗೆ ನಾನು ಅಮೆರಿಕದ ಕಿಂಗ್ ಬಕ್‌ನ ಹೆಸರು ಹೇಳುತ್ತೇನೆ. ಜಾನ್ ಓಲಿನ್ ಅವರ ಒಡೆತನದ ಈ ಕಪ್ಪು ಲ್ಯಾಬ್ರಡಾರ್, ಕಾಟನ್ ಪರ್ಶಲ್ ಎಂಬ ಹ್ಯಾಂಡ್ಲರ್‌ನ (ನಾಯಿಯನ್ನು ಪಳಗಿಸಿ ಸ್ಪರ್ಧೆಯಲ್ಲಿ ನಡೆಸುವವನ) ಕೈಯಲ್ಲಿ ಪಳಗಿ, 1952 ಮತ್ತು 1953ರಲ್ಲಿ ಸತತವಾಗಿ ರಾಷ್ಟ್ರೀಯ ರಿಟ್ರೀವರ್ ಚಾಂಪಿಯನ್, ಎಂದರೆ ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹುಡುಕಿ ತರುವ ನಾಯಿಗಳ ಸ್ಪರ್ಧೆಯ ಚಾಂಪಿಯನ್ ಆಯಿತು.

ಈ ಸ್ಪರ್ಧೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಪರೀಕ್ಷೆಗಳಿವೆ. ‘ಮಾರ್ಕ್’ ಎಂಬುದರಲ್ಲಿ ಹಕ್ಕಿಗಳು ಬೇರೆಬೇರೆ ದಿಕ್ಕಿನಲ್ಲಿ ಒಂದರ ನಂತರ ಒಂದು ಬೀಳುವುದನ್ನು ನಾಯಿ ಕದಲದೆ ಕುಳಿತು ನೋಡಬೇಕು. ಕಳುಹಿಸಿದಾಗ ಒಂದನ್ನು ತಂದೊಪ್ಪಿಸಿ, ಉಳಿದವು ಬಿದ್ದ ಜಾಗಗಳನ್ನು ನೆನಪಿನಿಂದಲೇ ಹುಡುಕಬೇಕು. ‘ಬ್ಲೈಂಡ್’ ಇದಕ್ಕೆ ತೀರ ವಿರುದ್ಧವಾದದ್ದು. ಹಕ್ಕಿ ಎಲ್ಲಿದೆಯೆಂದು ಹ್ಯಾಂಡ್ಲರ್‌ಗೆ ಗೊತ್ತು, ನಾಯಿಗೆ ಗೊತ್ತಿಲ್ಲ. ಅದು ಅವನು ತೋರಿದ ದಿಕ್ಕಿಗೆ ನೇರವಾಗಿ ಓಡಬೇಕು, ದಾರಿ ತಪ್ಪಿದಾಗ ಒಂದೇ ಸೀಟಿಗೆ ನಿಂತು, ತಿರುಗಿ ಕುಳಿತು, ಅವನ ಕೈಸನ್ನೆಯಂತೆ ಹೊರಳಬೇಕು. ನೇರ ಓಟವೆಂದರೆ ಸುಲಭವಲ್ಲ: ಅಡ್ಡಗಾಳಿ ನಾಯಿಯನ್ನು ಪಕ್ಕಕ್ಕೆ ಸರಿಸುತ್ತದೆ, ಇಳಿಜಾರು ಕೆಳಕ್ಕೆ ಎಳೆಯುತ್ತದೆ, ಕೆರೆಯನ್ನು ಓರೆಯಾಗಿ ಈಜಿ ದಾಟಬೇಕಾದಲ್ಲಿ ದಂಡೆಯ ಮೇಲೆ ಸುತ್ತಿಬರುವ ಜಾಣತನ ತಾನಾಗಿ ಹುಟ್ಟುತ್ತದೆ. ಆದ್ದರಿಂದಲೇ ಅನುಭವಿ ಹ್ಯಾಂಡ್ಲರ್ ಕಳುಹಿಸುವ ಮೊದಲು ನಾಯಿಯ ತಲೆಯನ್ನಷ್ಟೇ ಅಲ್ಲ, ಬೆನ್ನುಮೂಳೆ ಯಾವ ಕಡೆ ತಿರುಗಿದೆ ಎಂಬುದನ್ನೂ ನೋಡುತ್ತಾನೆ.

ನಿಜವಾದ ತೊಡಕು ಇರುವುದು ಈ ಎರಡು ಗುಣಗಳನ್ನು ಒಂದೇ ನಾಯಿಯಲ್ಲಿ ಕೂಡಿಸುವುದರಲ್ಲಿ. ಬ್ಲೈಂಡ್‌ನಲ್ಲಿ ಸೀಟಿಗೆ ಓಗೊಡದಿದ್ದರೆ ಹೇಗೆ ತಪ್ಪೋ, ಮಾರ್ಕ್‌ನಲ್ಲಿ ಸೀಟಿಯ ನೆರವು ಬೇಕಾದರೂ ಹಾಗೆಯೇ ಅಂಕಕ್ಕೆ ಪೆಟ್ಟು. ಮಾತುಮಾತಿಗೆ ಸೀಟಿ ಕೇಳಿದ ನಾಯಿ ತನ್ನ ನೆನಪನ್ನು ನಂಬುವುದನ್ನು ಬಿಟ್ಟು ಹಿಂತಿರುಗಿ ನೋಡತೊಡಗುತ್ತದೆ. ಸೀಟಿಯನ್ನು ಎಂದೂ ಕೇಳದ ನಾಯಿ ತನಗೆ ಬೇಕೆಂದಲ್ಲಿಗೆ ಹೋಗುತ್ತದೆ. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಿಂಗ್ ಬಕ್ ಒಮ್ಮೆಯೂ ಹೊರಬೀಳದೆ ಸತತ 63 ಸುತ್ತುಗಳನ್ನು ಪೂರೈಸಿತು. ಎರಡು ಪ್ರಶಸ್ತಿಗಳಿಗಿಂತ ಈ ಅಂಕಿಯೇ ನನಗೆ ದೊಡ್ಡದು, ಏಕೆಂದರೆ ಒಂದು ವಾರದ ಅದೃಷ್ಟದಿಂದ ಪ್ರಶಸ್ತಿ ಗೆಲ್ಲಬಹುದು, ವರ್ಷಗಟ್ಟಲೆ ಆ ಸಮತೋಲ ಉಳಿಯಲಾರದು.

ಗುಂಡು ತಗುಲಿದ ಹಕ್ಕಿ ಜೊಂಡಿನಲ್ಲಿ ಕಳೆದುಹೋಗಿ ವ್ಯರ್ಥವಾಗಬಾರದೆಂಬುದೇ ಈ ವಿದ್ಯೆಯ ಮೂಲ ಉದ್ದೇಶ. 1959ರಲ್ಲಿ ಅಮೆರಿಕ ಸರ್ಕಾರ ಬಾತುಕೋಳಿ ಬೇಟೆಗಾರರಿಗಾಗಿ ಹೊರತಂದ ಸ್ಟ್ಯಾಂಪಿನ ಮೇಲೆ, ಬಾಯಲ್ಲಿ ಬಾತು ಹಿಡಿದ ಕಿಂಗ್ ಬಕ್‌ನ ಚಿತ್ರ ಬಂದದ್ದೂ ಅದನ್ನೇ ಸಾರಲು.

ನಮ್ಮಲ್ಲಿ ಬೇಟೆಗೆ ಕಾನೂನಿನ ತಡೆಯಿದೆ, ಅದು ಒಳ್ಳೆಯದೇ. ನಾನು ಕಲಿಸುವುದು ಹಕ್ಕಿಯ ಬದಲು ಎಸೆಯುವ ಬಟ್ಟೆಯ ಡಮ್ಮಿಗಳಿಂದ. ಡಮ್ಮಿ ಹುಲ್ಲಿನೊಳಗೆ ಬಿದ್ದು ನಾಯಿ ಮೂಗು ನೆಲಕ್ಕಿಟ್ಟು ಸುತ್ತತೊಡಗಿತೆಂದರೆ, ಮಾಲೀಕರು ಅರೆಗಳಿಗೆಯೂ ತಡೆಯಲಾರದೆ ‘ಅಲ್ಲಿ, ಅಲ್ಲಿ’ ಎಂದು ಕೂಗುತ್ತಾರೆ. ಹಾಗಾಗಿ ಮೊದಲ ತಿಂಗಳು ನಾನು ಅವರ ಕೈಗೆ ಸೀಟಿ ಕೊಡುವುದಿಲ್ಲ.