ಪದ ಪರಿಚಯ: ಎಂ.ಪಿ.ಎಚ್.

ಎಂ.ಪಿ.ಎಚ್. ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಓದು, ನಾಲ್ಕು ಸೆಮಿಸ್ಟರ್. ಕಾಸರಗೋಡಿನವರು ಇದಕ್ಕಾಗಿ ದೂರ ಹೋಗಬೇಕೆಂದೂ ಇಲ್ಲ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೇ ಈ ಕೋರ್ಸ್ ಇದೆ. ಆದರೂ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಮಗಳು ಎಂ.ಪಿ.ಎಚ್. ಮಾಡ್ತೇನೆ ಅಂದರೆ ಮೊದಲು ಬರುವ ಪ್ರಶ್ನೆ, "ಅದು ಮುಗಿದರೆ ಡಾಕ್ಟರಾ?"

ಅಲ್ಲ. ಮದ್ದು ಬರೆದುಕೊಡುವ ಹಕ್ಕು ಈ ಪದವಿಯಿಂದ ಬರುವುದಿಲ್ಲ. ಹೆಸರಿನ ಮುಂದೆ 'ಡಾ.' ಸೇರುವುದೂ ಇಲ್ಲ. ಎಂ.ಬಿ.ಬಿ.ಎಸ್. ಮುಗಿಸಿದವರು ಮೂರು ವರ್ಷ ಓದುವ ಕಮ್ಯುನಿಟಿ ಮೆಡಿಸಿನ್ ಎಂ.ಡಿ. ಬೇರೆ. ಎಂ.ಪಿ.ಎಚ್.ಗೆ ಡಾಕ್ಟರುಗಳೂ ಬರುತ್ತಾರೆ, ದಂತವೈದ್ಯರು, ಆಯುರ್ವೇದದವರು, ನರ್ಸಿಂಗ್ ಓದಿದವರೂ ಬರುತ್ತಾರೆ. ಬಿ.ಎಸ್ಸಿ. ಅಥವಾ ಸಮಾಜಕಾರ್ಯ ಓದಿದವರನ್ನು ಸೇರಿಸಿಕೊಳ್ಳುವ ಕಡೆಗಳೂ ಇವೆ. ಯಾರಿಗೆ ಸೀಟು ಎಂಬ ನಿಯಮ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ತರ.

ಹಾಗಾದರೆ ಓದುವುದೇನು? ಆಸ್ಪತ್ರೆಯ ಡಾಕ್ಟರ್ ಎದುರಿಗೆ ಕೂತವರ ಕಾಯಿಲೆ ನೋಡುತ್ತಾರೆ. ಎಂ.ಪಿ.ಎಚ್. ಓದಿದವರು ಊರಿಡೀ ನೋಡಬೇಕು. ಎಷ್ಟು ಜನರಿಗೆ ಬಂತು, ಯಾವಾಗಿನಿಂದ, ಯಾವ ವಯಸ್ಸಿನವರಿಗೆ, ಪಕ್ಕದ ಊರಿನಲ್ಲಿ ಯಾಕೆ ಇಲ್ಲ ಅಂತ ಕೇಳಬೇಕು. ಇದನ್ನು ಕಲಿಸುವ ವಿಷಯಕ್ಕೆ ಎಪಿಡೆಮಿಯಾಲಜಿ ಅನ್ನುತ್ತಾರೆ. ಇಡೀ ಕೋರ್ಸಿನ ಬೆನ್ನೆಲುಬು ಇದೇ.

ಒಂದು ಲೆಕ್ಕ ನೋಡಿ. ಮಳೆಗಾಲದಲ್ಲಿ ಅಡಕೆ ತೋಟದ ಹಾಳೆಯಲ್ಲಿ ನೀರು ನಿಂತು ಸೊಳ್ಳೆಯಾಗಿ, ಒಂದು ಊರಿನಲ್ಲಿ 24 ಜನರಿಗೆ ಡೆಂಗ್ಯೂ ಬಂತು ಅಂತ ಇಟ್ಟುಕೊಳ್ಳಿ. ಇನ್ನೊಂದು ಊರಿನಲ್ಲಿ 30 ಜನರಿಗೆ. ಎರಡನೆಯ ಊರಿನ ಸ್ಥಿತಿ ಕೆಟ್ಟದ್ದು ಅನ್ನಿಸುತ್ತದೆ, ಅಲ್ವಾ? ಆದರೆ ಮೊದಲ ಊರಿನಲ್ಲಿ ಇರುವುದು 800 ಜನ, ಎರಡನೆಯದರಲ್ಲಿ 2,000 ಜನ. ಸಾವಿರಕ್ಕೆ ಲೆಕ್ಕ ಹಾಕಿದರೆ ಮೊದಲ ಊರಿನಲ್ಲಿ 30, ಎರಡನೆಯದರಲ್ಲಿ 15. ಫಾಗಿಂಗ್ ಯಂತ್ರ ಒಂದೇ ಇದ್ದರೆ ಮೊದಲು ಎಲ್ಲಿಗೆ ಹೋಗಬೇಕು ಎಂಬುದು ಈಗ ಗೊತ್ತಾಗುತ್ತದೆ. ಕಾಯಿಲೆಯವರನ್ನು ಎಣಿಸಿದರೆ ಸಾಲದು, ಎಷ್ಟು ಜನರಲ್ಲಿ ಇಷ್ಟು ಜನ ಎಂಬುದನ್ನೂ ಹೇಳಬೇಕು. ಪತ್ರಿಕೆಯ ಸುದ್ದಿಯಲ್ಲಿ ಈ ಎರಡನೆಯ ಅಂಕಿ ಬಿಟ್ಟುಹೋಗುವುದೇ ಜಾಸ್ತಿ.

ಈ ಓದು ಯಾಕೆ ಬೇಕು ಅಂತ ನಮ್ಮ ಜಿಲ್ಲೆಯವರಿಗೆ ವಿವರಿಸಲು ಎಲ್ಲಿಗೋ ಹೋಗಬೇಕಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆ ಸಾಕು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ತೋಟ ಗುಡ್ಡದ ಮೇಲೆ, ಮನೆಗಳು ಕೆಳಗೆ. ಅಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರಿಗೆ ಇಷ್ಟು ಸಣ್ಣ ಊರಿನಲ್ಲಿ ನರದ ಕಾಯಿಲೆ, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕಿಷ್ಟು ಅನ್ನಿಸಿತು. ಅವರು ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಬರೆದು ತಿಳಿಸಿದರು. ನನ್ನ ಪಾಲಿಗೆ ಸಾರ್ವಜನಿಕ ಆರೋಗ್ಯ ಶುರುವಾಗುವುದೇ ಇಲ್ಲಿ, ಒಬ್ಬ ಹಳ್ಳಿ ಡಾಕ್ಟರಿಗೆ ಬಂದ ಅನುಮಾನದಲ್ಲಿ.

ಆದರೆ ಅನುಮಾನ ಪುರಾವೆಯಾಗಬೇಕಾದರೆ ಹೋಲಿಸಿ ನೋಡಬೇಕು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಮಾಡಿದ್ದು ಅದನ್ನೇ. ಪಡ್ರೆಯ ಮಕ್ಕಳನ್ನಷ್ಟೇ ನೋಡಿ ಹೋಗಲಿಲ್ಲ. ಆಕಾಶದಿಂದ ವಿಷ ಬೀಳದ ಮೀಂಜ ಪಂಚಾಯತಿನ ಮಕ್ಕಳನ್ನೂ ನೋಡಿದರು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಗುಡ್ಡದ ಬುಡದ ಊರಿನ 117 ಹುಡುಗರಿದ್ದಾರೆ, ಹೋಲಿಕೆಗೆ 90 ಹುಡುಗರಿದ್ದಾರೆ. ಎಲ್ಲರೂ 10ರಿಂದ 19 ವರ್ಷದವರು. ಎಂಡೋಸಲ್ಫಾನ್ ಬಿದ್ದ ಊರಿನ ಹುಡುಗರ ರಕ್ತದಲ್ಲಿ ಅದರ ಅಂಶ ಜಾಸ್ತಿ ಇತ್ತು. ಪ್ರಾಯಕ್ಕೆ ಬರುವುದು ತಡವಾಗುತ್ತಿರುವಂತೆ ಕಂಡಿತು. ವಯಸ್ಸು ಹೆಚ್ಚಿದಂತೆ ಬೆಳವಣಿಗೆ ಹೇಗೂ ಹೆಚ್ಚುತ್ತದೆ, ಹಾಗಾಗಿ ವಯಸ್ಸಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಈ ಮಾತು ಹೇಳಿದರು.

ಅದೇ ಪ್ರಬಂಧದಲ್ಲಿ ಇನ್ನೊಂದು ಮಾತೂ ಇದೆ. ನಮ್ಮ ಅಧ್ಯಯನದಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಕೆಲವರು ಭಾಗವಹಿಸಲಿಲ್ಲ, ಇದು ಇದರ ಮಿತಿ ಅಂತ ಬರೆದವರೇ ಒಪ್ಪಿಕೊಂಡಿದ್ದಾರೆ. ನೋವು ಕಣ್ಣೆದುರೇ ಇರುವಾಗ ಇಂಥ ಮಾತು ಓದಿದರೆ ಸಿಟ್ಟು ಬರಬಹುದು. ಆದರೆ ಎಂ.ಪಿ.ಎಚ್. ತರಗತಿಯಲ್ಲಿ ತಿಂಗಳುಗಟ್ಟಲೆ ಕಲಿಸುವುದು ಇದನ್ನೇ. ಈ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಬಂದಿರಬಹುದಾ? ಆರಿಸುವಾಗ ಪಕ್ಷಪಾತ ಆಯಿತಾ? ಬೇರೆ ಕಾರಣ ಒಳಗೆ ಅಡಗಿದೆಯಾ? ಈ ಪ್ರಶ್ನೆಗಳನ್ನು ನಾವೇ ಮೊದಲು ಕೇಳಿಕೊಳ್ಳದಿದ್ದರೆ ಎದುರು ಪಕ್ಷದ ವಕೀಲರು ಕೋರ್ಟಿನಲ್ಲಿ ಕೇಳುತ್ತಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿತು. ಅಷ್ಟರಲ್ಲಿ ಒಂದು ತಲೆಮಾರಿನ ಬಾಲ್ಯ ಕಳೆದುಹೋಗಿತ್ತು. ಜಿಲ್ಲೆಯಲ್ಲೇ ಇಂಥ ಲೆಕ್ಕ ಇಡುವವರು ಮೊದಲೇ ಇರುತ್ತಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಊರು ಗೊತ್ತಿರುವವರು ಈ ಓದಿಗೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಸರ್ವೆ ಫಾರಂನಲ್ಲಿ ಕುಡಿಯುವ ನೀರು ಎಲ್ಲಿಂದ ಎಂಬ ಪ್ರಶ್ನೆ ಇರುತ್ತದೆ. ಕೆಳಗೆ ಬಾವಿ, ನಲ್ಲಿ, ಬೋರ್‌ವೆಲ್, ಇತರೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ನೀರು ಬರುವುದು ಸುರಂಗದಿಂದ. ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ದಂಬೆಯಲ್ಲೋ ಪೈಪಿನಲ್ಲೋ ಮನೆಗೆ ತರುತ್ತಾರೆ. ಗುಡ್ಡದ ಮೇಲೆ ಸಿಂಪಡಿಸಿದ್ದು ಆ ನೀರಿಗೆ ಸೇರಿತಾ ಎಂಬುದೇ ಪಡ್ರೆಯ ದೊಡ್ಡ ಪ್ರಶ್ನೆಯಾಗಿತ್ತು. ಸುರಂಗವನ್ನು 'ಇತರೆ'ಗೆ ತಳ್ಳಿದರೆ ಆ ಪ್ರಶ್ನೆಯೇ ಕೈತಪ್ಪುತ್ತದೆ. ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ಇಲ್ಲಿನ ಹುಡುಗಿಯೊಬ್ಬಳು ಫಾರಂ ಹಿಡಿದು ಹೋದರೆ ಅಂಗಳದಲ್ಲೇ ಇದನ್ನು ಸರಿ ಮಾಡಿಕೊಂಡು ಬರುತ್ತಾಳೆ.

ಎಪಿಡೆಮಿಯಾಲಜಿ ಬಿಟ್ಟರೆ ಸಂಖ್ಯಾಶಾಸ್ತ್ರ, ಪರಿಸರ ಆರೋಗ್ಯ, ಜನರ ನಡವಳಿಕೆ ಮತ್ತು ಸಮಾಜ, ಆರೋಗ್ಯ ನೀತಿ ಮತ್ತು ಆಡಳಿತ ಇರುತ್ತವೆ. ಕೊನೆಯದು ಬೋರ್ ಅನ್ನುವವರಿದ್ದಾರೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದ್ದು ನೆನಪಿದೆಯಲ್ಲ? ದೊಡ್ಡ ಕಾಯಿಲೆ ಅಂದರೆ ಮಂಗಳೂರು ಎಂದು ನಂಬಿಕೊಂಡಿದ್ದ ಜಿಲ್ಲೆ ನಮ್ಮದು. ಗಡಿ ದಾಟಲಾಗದೆ ಜೀವ ಬಿಟ್ಟವರಿದ್ದಾರೆ. ಆಸ್ಪತ್ರೆ ಎಲ್ಲಿರಬೇಕು, ಯಾರ ದುಡ್ಡಿನಲ್ಲಿ, ಎಷ್ಟು ದೂರಕ್ಕೆ ಒಂದು ಎಂದು ಲೆಕ್ಕ ಹಾಕುವುದು ಆ ಬೋರಿನ ಪಾಠದಲ್ಲೇ.

ಭಾರತದಲ್ಲಿ ಈ ವಿಷಯದ ಹಳೆಯ ಸಂಸ್ಥೆ ಕೋಲ್ಕತ್ತದಲ್ಲಿದೆ, 1932ರದ್ದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನೋನ್ ಕೇಂದ್ರದಲ್ಲಿ 1997ರಿಂದ ಎಂ.ಪಿ.ಎಚ್. ಇದೆ. ನಮಗೆ ಹತ್ತಿರದ ಮಣಿಪಾಲದಲ್ಲೂ ಇದೆ, ಅದು ಖಾಸಗಿ, ಫೀಸು ಜಾಸ್ತಿ. ಪೆರಿಯಕ್ಕೆ ಸೇರಲು ಸಿ.ಯು.ಇ.ಟಿ. ಪಿ.ಜಿ. ಪ್ರವೇಶ ಪರೀಕ್ಷೆ ಬರೆಯಬೇಕು.

ಕೆಲಸ ಸಿಗುತ್ತದಾ? ಸಿಗುತ್ತದೆ. ಆದರೆ ಸರಕಾರಿ ಕೆಲಸ ಪಕ್ಕಾ ಅಂದುಕೊಂಡು ಸೇರಬೇಡಿ. ರಾಷ್ಟ್ರೀಯ ಆರೋಗ್ಯ ಮಿಷನ್ನಿನಲ್ಲಿ, ಜಿಲ್ಲೆಯ ರೋಗ ಕಣ್ಗಾವಲು ಘಟಕದಲ್ಲಿ ಹುದ್ದೆಗಳಿವೆ, ಹೆಚ್ಚಿನವು ಗುತ್ತಿಗೆಯವು. ಸಂಶೋಧನಾ ಸಂಸ್ಥೆಗಳು, ಎನ್‌ಜಿಓಗಳು ಕೆಲಸ ಕೊಡುತ್ತವೆ. ಪಿಎಚ್.ಡಿ. ದಾರಿಯೂ ಇದೆ.

ಸೇರುವ ಮೊದಲು ಹಿಂದಿನ ಬ್ಯಾಚಿನವರು ಬರೆದ ಪ್ರಬಂಧಗಳ ವಿಷಯ ಕೇಳಿ. ಕೊನೆಯ ವರ್ಷ ಎಲ್ಲರೂ ಒಂದು ಪ್ರಬಂಧ ಬರೆಯಲೇಬೇಕು. ಅವರು ಮನೆ ಮನೆಗೆ ಹೋಗಿ ಕೇಳಿ ಬರೆದಿದ್ದರೆ ಆ ವಿಭಾಗದಲ್ಲಿ ನಿಜವಾಗಿ ಫೀಲ್ಡ್ ಕೆಲಸ ನಡೆಯುತ್ತಿದೆ ಅಂತ ಅರ್ಥ. ಎಲ್ಲವೂ ಕಾಲೇಜಿನ ಮಕ್ಕಳಿಗೆ ಗೂಗಲ್ ಫಾರಂ ಕಳಿಸಿ ಮಾಡಿದ್ದಾದರೆ ಬೇರೆ ಕಡೆ ನೋಡಿ.