ತಾಯಿ ಕಾರ್ಡಿನ ಎರಡು ಅಂಕಿ, ಜನಸಂಖ್ಯೆಯ ಭಯ

ಗರ್ಭಿಣಿ ಮೊದಲ ಸಲ ತಪಾಸಣೆಗೆ ಬಂದಾಗ ಅವಳ ತಾಯಿ ಕಾರ್ಡಿನ ಮೇಲೆ ನಾವು ಜಿ, ಪಿ, ಎಲ್, ಎ ಅಂತ ನಾಲ್ಕು ಅಕ್ಷರ ಬರೆದು ಒಂದೊಂದರ ಪಕ್ಕ ಒಂದೊಂದು ಅಂಕಿ ಹಾಕುತ್ತೇವೆ. ಜಿ ಅಂದರೆ ಇದು ಎಷ್ಟನೇ ಬಸಿರು, ಪಿ ಅಂದರೆ ಹಿಂದಿನ ಹೆರಿಗೆಗಳು, ಎಲ್ ಅಂದರೆ ಬದುಕಿರುವ ಮಕ್ಕಳು, ಎ ಅಂದರೆ ಗರ್ಭಪಾತ. ಹೆರಿಗೆ ವಾರ್ಡಿನ ಹಳೇ ರಿಜಿಸ್ಟರ್ ತೆಗೆದರೆ ಜಿ 6, ಪಿ 5, ಎಲ್ 3 ಎಂಬಂಥ ಸಾಲುಗಳು ಬೇಕಾದಷ್ಟು ಸಿಗುತ್ತವೆ. ಐದು ಹೆತ್ತಿದ್ದಾಳೆ, ಮೂರು ಉಳಿದಿವೆ, ಆರನೆಯದಕ್ಕೆ ಬಂದಿದ್ದಾಳೆ. ಈಗ ನಮ್ಮ ತಾಲ್ಲೂಕು ಆಸ್ಪತ್ರೆಯ ಓಪಿಡಿಯಲ್ಲಿ ಹೆಚ್ಚಾಗಿ ಬರೆಯುವುದು ಜಿ 2, ಪಿ 1, ಎಲ್ 1.

ಜುಲೈ 11ರ ವಿಶ್ವ ಜನಸಂಖ್ಯಾ ದಿನಕ್ಕೆ ಕಾಲೇಜುಗಳವರು ಭಾಷಣಕ್ಕೆ ಕರೆಯುತ್ತಾರೆ. ಹುಡುಗರ ಪ್ರಶ್ನೆ ಯಾವಾಗಲೂ ಒಂದೇ: ಹೀಗೇ ಜನ ಹೆಚ್ಚುತ್ತಾ ಹೋದರೆ ಮುಂದೆ ಗತಿಯೇನು ಮೇಡಂ? ಇತ್ತೀಚೆಗಂತೂ ಕೆಲವು ಹೆಣ್ಣುಮಕ್ಕಳು, ಇಂಥ ಪ್ರಪಂಚಕ್ಕೆ ಮಕ್ಕಳನ್ನು ತರುವುದೇ ಬೇಡ ಅಂದುಕೊಂಡಿದ್ದೇವೆ ಎನ್ನುತ್ತಾರೆ. ಮಕ್ಕಳು ಬೇಕೋ ಬೇಡವೋ ಅದು ಅವರ ಇಷ್ಟ. ಆದರೆ ಆ ನಿರ್ಧಾರ ಐವತ್ತು ವರ್ಷದ ಹಿಂದಿನ ಲೆಕ್ಕದ ಮೇಲೆ ನಿಲ್ಲಬಾರದು ಅಂತ ನನಗನ್ನಿಸುತ್ತದೆ.

1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. 2020ಕ್ಕೆ ಆ ಸಂಖ್ಯೆ 28ಕ್ಕೆ ಇಳಿಯಿತು, ಕರ್ನಾಟಕದಲ್ಲಿ 19ಕ್ಕೆ. ಸೊಸೆಯನ್ನು ಕರೆದುಕೊಂಡು ಬರುವ ಅತ್ತೆಯರಿಗೆ ಈ ಅಂಕಿಅಂಶ ಹೇಳಿಕೊಡಬೇಕಿಲ್ಲ. ಎರಡನೇ ಹೆರಿಗೆಯಾದ ಮೇಲೆ ಆಪರೇಷನ್ ಮಾಡಿಸುವುದೋ ಬೇಡವೋ ಎಂಬ ಮಾತು ಬಂದಾಗ ಒಬ್ಬ ಹಿರಿಯರು ಹೇಳಿದರು: "ನಮ್ ಕಾಲ್ದಲ್ಲಿ ಹೆತ್ತಿದ್ದೆಲ್ಲ ಎಲ್ಲಿ ಉಳೀತಿದ್ವು ಡಾಕ್ಟ್ರಮ್ಮ? ಅದಕ್ಕೇ ಹೆರ್ತಿದ್ವಿ. ಈಗ ಹುಟ್ಟಿದ್ದು ಉಳೀತವೆ, ಎರಡು ಸಾಕು ಬಿಡಿ."

ಜನಸಂಖ್ಯಾ ಶಾಸ್ತ್ರದ ತಿರುಳು ಈ ಮಾತಿನಲ್ಲೇ ಇದೆ. ಮೊದಲು ಸಾವು ಇಳಿಯುತ್ತದೆ. ಮಕ್ಕಳು ಉಳಿಯುತ್ತವೆ ಎಂಬ ಧೈರ್ಯ ಮನೆಗಳಿಗೆ ಬರಲು ಒಂದೆರಡು ತಲೆಮಾರು ಹಿಡಿಯುತ್ತದೆ. ನಡುವಿನ ಆ ಅವಧಿಯಲ್ಲಿ ಜನಸಂಖ್ಯೆ ಒಮ್ಮೆಲೇ ಏರುತ್ತದೆ. ನಾವು ಸ್ಫೋಟ ಅಂತ ಕರೆದದ್ದು ಹೆಚ್ಚಾಗಿ ಸಾಯದೆ ಉಳಿದ ಮಕ್ಕಳನ್ನು. 1960ರಲ್ಲಿ ಜಗತ್ತಿನಲ್ಲಿ 300 ಕೋಟಿ ಜನರಿದ್ದರು, 2022ರ ನವೆಂಬರಿನಲ್ಲಿ 800 ಕೋಟಿ ದಾಟಿದೆವು. ಆದರೆ ಬೆಳವಣಿಗೆಯ ದರ 1960ರ ದಶಕದಲ್ಲಿ ವರ್ಷಕ್ಕೆ ಶೇ. 2 ದಾಟಿದ್ದದ್ದು ಈಗ ಶೇ. 1ಕ್ಕಿಂತ ಕೆಳಗಿದೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 2080ರ ದಶಕದಲ್ಲಿ ಸುಮಾರು 1,030 ಕೋಟಿ ಮುಟ್ಟಿ, ಆಮೇಲೆ ಇಳಿಮುಖ.

ನಮ್ಮ ಲೆಕ್ಕವನ್ನೇ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಭಾರತದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 3.4 ಮಕ್ಕಳು. 2019-21ಕ್ಕೆ 2.0. ಕರ್ನಾಟಕದಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೆ 2.1 ಬೇಕು. ಹಾಗಾದರೆ ಭಾರತದ ಜನಸಂಖ್ಯೆ ಇನ್ನೂ ಏರುತ್ತಿರುವುದೇಕೆ? ಸ್ವಿಚ್ ಆಫ್ ಮಾಡಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗುತ್ತದಲ್ಲ, ಹಾಗೆ. ಹಿಂದೆ ಹುಟ್ಟಿದ ದೊಡ್ಡ ತಲೆಮಾರು ಈಗ ಹೆರುವ ವಯಸ್ಸಿನಲ್ಲಿದೆ. ತಲಾ ಎರಡೇ ಹೆತ್ತರೂ ಒಟ್ಟು ಹೆಚ್ಚುತ್ತದೆ. ಈ ಏರಿಕೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿಗೆ ನಿಲ್ಲುತ್ತದೆ ಎಂಬುದು ಅಂದಾಜು.

ಗರ್ಭನಿರೋಧಕ ಸಿಕ್ಕಿಬಿಟ್ಟರೆ ಸಾಕು ಎನ್ನುವವರಿಗೆ ಮೈಸೂರಿನ ಕಥೆ ಹೇಳುತ್ತೇನೆ. 1930ರಲ್ಲೇ ಮೈಸೂರು ಸಂಸ್ಥಾನ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಸರಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಇವು ಜಗತ್ತಿಗೇ ಮೊದಲಿನವು ಎನ್ನುತ್ತಾರೆ. ಇಪ್ಪತ್ತು ವರ್ಷ ಕಳೆದು, 1951-52ರಲ್ಲಿ ವಿಶ್ವಸಂಸ್ಥೆಯವರು ಭಾರತ ಸರಕಾರದ ಜೊತೆ ಸೇರಿ ಇಲ್ಲಿ ಅಧ್ಯಯನ ಮಾಡಿದಾಗಲೂ ಕುಟುಂಬಗಳು ದೊಡ್ಡವೇ ಇದ್ದವು. ಕ್ಲಿನಿಕ್ ಇತ್ತು, ಧೈರ್ಯ ಇರಲಿಲ್ಲ. ಲಸಿಕೆ, ಓಆರ್‌ಎಸ್ ಪುಡಿ, ಆಸ್ಪತ್ರೆಯ ಹೆರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹೆಣ್ಣುಮಕ್ಕಳ ಹೈಸ್ಕೂಲು ಬಂದ ಮೇಲೆ ಲೆಕ್ಕ ಬದಲಾಯಿತು.

ಬಲವಂತದಿಂದ ಏನಾಯಿತು ಅಂತಲೂ ನೋಡಿದ್ದೇವೆ. ತುರ್ತು ಪರಿಸ್ಥಿತಿಯ 1976-77ರಲ್ಲಿ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು, ಬಹುಪಾಲು ಗಂಡಸರಿಗೆ. ಆ ಗಾಯದ ಪರಿಣಾಮವನ್ನು ನನ್ನಂಥವರು ಇವತ್ತಿಗೂ ಅನುಭವಿಸುತ್ತಿದ್ದೇವೆ. ವ್ಯಾಸೆಕ್ಟಮಿ ಎಂದ ಕೂಡಲೇ ಗಂಡ ಹೊರಗೆ ಚಹಾ ಕುಡಿಯಲು ಎದ್ದು ಹೋಗುತ್ತಾನೆ. ದೇಶದಲ್ಲಿ ನೂರಕ್ಕೆ ಅರ್ಧ ಗಂಡಸೂ ಮಾಡಿಸಿಕೊಳ್ಳುವುದಿಲ್ಲ, ಭಾರವೆಲ್ಲ ಹೆಂಗಸಿನ ಹೊಟ್ಟೆಯ ಮೇಲೆ. ಅದೇ 70ರ ದಶಕದಲ್ಲಿ, ನಮಗಿಂತ ಬಡವಾಗಿದ್ದ ಬಾಂಗ್ಲಾದೇಶ ಹಳ್ಳಿಯ ಹೆಂಗಸರನ್ನೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿತು. ಆರಕ್ಕೂ ಮೇಲಿದ್ದ ಅಲ್ಲಿನ ಸರಾಸರಿ ಎರಡೂಕಾಲರ ಆಸುಪಾಸಿಗೆ ಬಂತು.

ಅನ್ನದ ಪ್ರಶ್ನೆ. 1966ರಲ್ಲಿ ನಾವು ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ತರಿಸಿ ಉಂಡಿದ್ದೆವು. ಆಗ ದೇಶದಲ್ಲಿ ಬೆಳೆದದ್ದು 7 ಕೋಟಿ ಟನ್ ಚಿಲ್ಲರೆ, 2023-24ರಲ್ಲಿ 33 ಕೋಟಿ ಟನ್. ಗೋಧಿಯ ಕಥೆ ಎಲ್ಲರಿಗೂ ಗೊತ್ತು. ನಮ್ಮವರು ಮರೆಯುವುದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ಬೆಳೆಸಿದ ಡಾ. ಲಕ್ಷ್ಮಣಯ್ಯನವರನ್ನು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಅದನ್ನು ಕೈಯಿಂದ ಸಂಕರ ಮಾಡುವುದು ಎಷ್ಟು ಕಷ್ಟ ಅಂತ ಕೃಷಿ ಓದಿದವರನ್ನು ಕೇಳಿ. ಅವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಮಳೆಯನ್ನೇ ನಂಬಿದ ಹೊಲದಲ್ಲೂ ಇಳುವರಿ ಏರಿತು. ಅದೂ ಬಡವರ ಮುದ್ದೆಯ ಧಾನ್ಯದಲ್ಲಿ.

ಇಷ್ಟು ಹೇಳಿದ ಮೇಲೆ ಎಲ್ಲ ತಾನಾಗೇ ಸರಿಹೋಗುತ್ತದೆ ಅಂತ ಯಾರಾದರೂ ಅರ್ಥ ಮಾಡಿಕೊಂಡರೆ ಕಷ್ಟ. ಮೇಲೆ ಹೇಳಿದ ಒಂದೊಂದು ಅಂಕಿಯ ಹಿಂದೆಯೂ ಸಂಬಳಕ್ಕೆ ಕೆಲಸ ಮಾಡಿದ ಜನರಿದ್ದಾರೆ. ಕೆಲವು ಸಮಸ್ಯೆಗಳಿಗೆ ಜನಸಂಖ್ಯೆ ಇಳಿಯುವುದು ಪರಿಹಾರವೂ ಅಲ್ಲ. ಭೂಮಿಯ ಬಿಸಿಯನ್ನೇ ತೆಗೆದುಕೊಳ್ಳಿ. 2024ರಲ್ಲಿ ಜಗತ್ತಿನ ಸರಾಸರಿ ತಾಪಮಾನ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ 1.5 ಡಿಗ್ರಿ ಮೀರಿತು. ಅಮೆರಿಕದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಉಗುಳಿದರೆ ನಮ್ಮಲ್ಲಿ ಒಬ್ಬರಿಗೆ ಸುಮಾರು 2 ಟನ್. ಈಗಲೂ ಸರಾಸರಿ ಆರರ ಹತ್ತಿರ ಮಕ್ಕಳಾಗುವ ನೈಜರ್‌ನಂಥ ದೇಶದಲ್ಲಿ ಒಬ್ಬರಿಗೆ ಒಂದು ಟನ್ನಿನ ಸಣ್ಣ ಭಾಗವಷ್ಟೇ. ಅಲ್ಲಿನ ತಾಯಿಯ ಮಡಿಲು ನೋಡಿ ಹೌಹಾರುವವರು ಮೊದಲು ತಮ್ಮ ಕರೆಂಟು, ಪೆಟ್ರೋಲಿನ ಬಿಲ್ ನೋಡಿಕೊಳ್ಳಲಿ.

ಈಗ ಗಾಳಿ ಉಲ್ಟಾ ಬೀಸುತ್ತಿದೆ. ಜನಸಂಖ್ಯೆ ನೋಡಿ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆ ಮಾಡಿದರೆ ತಮ್ಮ ಪಾಲು ಕಡಿಮೆಯಾಗುತ್ತದೆ ಎಂಬ ಆತಂಕದಲ್ಲಿ ದಕ್ಷಿಣದ ಕೆಲವು ನಾಯಕರು ಹೆಚ್ಚು ಮಕ್ಕಳನ್ನು ಹೆರಿ ಎನ್ನುತ್ತಿದ್ದಾರೆ. ಕ್ಷೇತ್ರದ ಆತಂಕ ನ್ಯಾಯವಾದದ್ದೇ, ಅದಕ್ಕೆ ಉತ್ತರವನ್ನು ಸಂಸತ್ತಿನಲ್ಲಿ ಹುಡುಕಬೇಕು, ಹೆರಿಗೆ ವಾರ್ಡಿನಲ್ಲಲ್ಲ. ದಕ್ಷಿಣ ಕೊರಿಯಾ ವರ್ಷಗಟ್ಟಲೆ ದುಡ್ಡು ಸುರಿದರೂ 2023ರಲ್ಲಿ ಸರಾಸರಿ 0.72ಕ್ಕೆ ಇಳಿಯಿತು. ಬೇಡ ಅಂದಾಗ ಹೇಗೆ ಕೇಳಲಿಲ್ಲವೋ ಬೇಕು ಅಂದಾಗಲೂ ಹೆಂಗಸರು ಕೇಳುವುದಿಲ್ಲ. ಮಗು ಹುಟ್ಟಿದ ಮೇಲೂ ಕೆಲಸ ಉಳಿಯುತ್ತದೆಯೇ, ನೋಡಿಕೊಳ್ಳುವವರು ಯಾರು ಅಂತ ಅವರು ತಮ್ಮದೇ ಲೆಕ್ಕ ಹಾಕುತ್ತಾರೆ.

ನನ್ನ ಚಿಂತೆ ಇನ್ನೊಂದು ವಾರ್ಡಿನದು. ಹೆರಿಗೆ ವಾರ್ಡಿನಲ್ಲಿ ಹಾಸಿಗೆ ಖಾಲಿ ಸಿಗುವ ದಿನಗಳೂ ಈಗ ಇವೆ. ಮೆಡಿಸಿನ್ ಓಪಿಡಿಯಲ್ಲಿ ಬಿಪಿ, ಶುಗರ್ ಮಾತ್ರೆಗೆ ನಿಂತ ಅರವತ್ತು ದಾಟಿದವರ ಸಾಲು ಗೇಟಿನ ತನಕ ಇರುತ್ತದೆ. ಒಂದಿಬ್ಬರು ಮಕ್ಕಳು, ಅವರೂ ಬೆಂಗಳೂರಿನಲ್ಲಿ. ಪಾರ್ಶ್ವವಾಯು ಹೊಡೆದು ಡಿಸ್ಚಾರ್ಜ್ ಆದವರನ್ನು ಮನೆಯಲ್ಲಿ ಎಬ್ಬಿಸಿ ನಡೆಸಲು ಯಾರೂ ಇಲ್ಲ. ಬಸುರಿಯ ಮನೆಗೆ ಆಶಾ ಕಾರ್ಯಕರ್ತೆ ಹೋಗುವಷ್ಟೇ ನಿಯಮಿತವಾಗಿ ಇವರ ಮನೆಗೂ ತರಬೇತಿ ಪಡೆದವರೊಬ್ಬರು ಹೋಗಬೇಕು, ಅವರಿಗೆ ಪ್ರೋತ್ಸಾಹಧನವಲ್ಲ, ಸರಿಯಾದ ಸಂಬಳ ಇರಬೇಕು. ಐವತ್ತು ವರ್ಷದಲ್ಲಿ ಶಿಶುಗಳನ್ನು ಉಳಿಸಿಕೊಂಡ ವ್ಯವಸ್ಥೆಗೆ ಇದು ಆಗದ ಕೆಲಸವೇನಲ್ಲ. ನಮ್ಮ ಆಸ್ಪತ್ರೆಗೆ ಸದ್ಯಕ್ಕೆ ಒಂದು ಫಿಸಿಯೋಥೆರಪಿಸ್ಟ್ ಹುದ್ದೆ ಕೊಡಿ ಅಂತ ಬರೆದು ಕಳಿಸಿದ್ದೇವೆ.