ಪಟ್ಟಿಯಲ್ಲಿ ಅವಳ ಹೆಸರೇನು?

ಗ್ರಾಮ ಲೆಕ್ಕಿಗಳಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮತದಾರರ ಪಟ್ಟಿ ಪರಿಷ್ಕರಣೆಗೆಂದು ಮನೆಮನೆ ಅಲೆಯುತ್ತಿದ್ದೆ. ಒಂದು ಮನೆಯ ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಜೋಳ ಹಸನು ಮಾಡುತ್ತಿದ್ದರು. ಹೆಸರು ಕೇಳಿದೆ. ಹಿರಿಯ ಮಗನ ಹೆಸರು ಹೇಳಿ, "ಅವನ ತಾಯಿ ಎಂದು ಬರೆದುಕೋ ತಂಗಿ, ಊರಿಗೆಲ್ಲ ಗೊತ್ತು" ಎಂದರು. ಗಂಡನ ಹೆಸರು ಕೇಳಿದಾಗ ಸೊಸೆಯ ಮುಖ ನೋಡಿದರು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಲೇಬೇಕಾದರೆ ಒಡಪು ಕಟ್ಟಿ, ಅಂದರೆ ಪ್ರಾಸದ ಸಾಲಿನಲ್ಲಿ ಹೆಣೆದು, ಹೇಳಬೇಕು. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ಒಡಪಿಗೆ ಜಾಗವಿರಲಿಲ್ಲ.

ಆ ಮಧ್ಯಾಹ್ನ ನನಗೆ ಎದುರಾದ ತೊಡಕು ಇಡೀ ದೇಶವನ್ನೇ ಒಮ್ಮೆ ಕಾಡಿತ್ತು ಎಂಬುದು ಆಮೇಲೆ ತಿಳಿಯಿತು. 1951–52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಪಟ್ಟಿ ಸಿದ್ಧಪಡಿಸುವಾಗ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಆಗಿನ ಮಧ್ಯ ಭಾರತ ಮತ್ತು ವಿಂಧ್ಯ ಪ್ರದೇಶ ರಾಜ್ಯಗಳಲ್ಲಿ ಲಕ್ಷಗಟ್ಟಲೆ ಹೆಂಗಸರು ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬರಲೇಬೇಕು ಎಂದರು. ಬಿಹಾರಕ್ಕೆ ಒಂದು ತಿಂಗಳ ಹೆಚ್ಚುವರಿ ಅವಧಿ ಕೊಟ್ಟರು, ಅಲ್ಲಿ ಪಟ್ಟಿ ಬಹಳಷ್ಟು ಸುಧಾರಿಸಿತು. ಅಷ್ಟಾದರೂ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿಯನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಸಂವಿಧಾನ ಮತ ಕೊಟ್ಟಿತ್ತು, ಪಟ್ಟಿ ಕಿತ್ತುಕೊಂಡಿತು. ಸೇನ್ ಅವರದು ಕಠಿಣ ನಿರ್ಧಾರವೆಂದು ಹಲವರು ದೂರುತ್ತಾರೆ. ಪಟ್ಟಿ ಬರೆದು ಬದುಕಿದವಳಾಗಿ ನಾನು ಅವರ ಪಕ್ಷ. ಅಂದು "ಇಂಥವರ ಹೆಂಡತಿ" ಎಂಬ ನಮೂದನ್ನು ಒಪ್ಪಿದ್ದರೆ, ಮತಗಟ್ಟೆಯಲ್ಲಿ ಅವಳ ಬದಲು ಬೇರೆ ಯಾರು ಬಂದು ನಿಂತರೂ ಗುರುತು ಹಿಡಿಯಲಾಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಂದಿನ ಚುನಾವಣೆಗೂ ಅದೇ ರೂಢಿ ಉಳಿಯುತ್ತಿತ್ತು.

ಹಾಗೆ ನೋಡಿದರೆ ಹೆಣ್ಣುಮಕ್ಕಳ ಮತದ ಬೇಡಿಕೆ ಹುಟ್ಟಿದ್ದೇ ಓರೆದಾರಿಯಲ್ಲಿ. 1917ರಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೇಗು ಇಲ್ಲಿಗೆ ಬರುತ್ತಾರೆಂದು ತಿಳಿದಾಗ, ಮದರಾಸಿನಲ್ಲಿದ್ದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಹೆಣ್ಣುಮಕ್ಕಳ ಶಿಕ್ಷಣದ ಕುರಿತು ಮಾತನಾಡಲು ಅವಕಾಶ ಕೇಳಿದರು. ರಾಜಕೀಯ ವಿಷಯವಿದ್ದರೆ ಮಾತ್ರ ಭೇಟಿ ಎಂಬ ಉತ್ತರ ಬಂತು. ಸರಿ, ಮತದಾನದ ಹಕ್ಕನ್ನೇ ಕೇಳಿದರು. ಡಿಸೆಂಬರ್‌ನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ನಿಯೋಗ ಮಾಂಟೇಗು ಅವರನ್ನು ಕಂಡಿತು. ಮತ ಯಾರಿಗೆ ಕೊಡಬೇಕೆಂದು ಪರಿಶೀಲಿಸಲು ನೇಮಿಸಿದ್ದ ಸೌತ್‌ಬರೋ ಸಮಿತಿ ಮಾತ್ರ ಈ ಬೇಡಿಕೆಯನ್ನು ಒಪ್ಪಲಿಲ್ಲ. 1919ರಲ್ಲಿ ಬೊಂಬಾಯಿಯಿಂದ ಹೀರಾಬಾಯಿ ಟಾಟಾ ತಮ್ಮ ಮಗಳು ಮಿಥನ್ ಜೊತೆ ಲಂಡನ್ನಿಗೇ ಹೋಗಿ ವಾದಿಸಿದರು. ಆ ಮಗಳು ಅಲ್ಲಿಯೇ ಕಾನೂನು ಓದಿ ಬ್ಯಾರಿಸ್ಟರ್ ಆಗಿ ಮರಳಿದಳು. ಕೊನೆಗೆ ತೀರ್ಮಾನವನ್ನು ಆಯಾ ಪ್ರಾಂತ್ಯಗಳ ಶಾಸನ ಸಭೆಗಳಿಗೆ ಬಿಟ್ಟರು. 1921ರಲ್ಲಿ ಮದರಾಸು ಮತ್ತು ಬೊಂಬಾಯಿ ಎರಡೂ ಒಪ್ಪಿದವು. ಅಂದರೆ ಮಂಗಳೂರು ಒಂದು ಕಡೆಯಿಂದ, ಧಾರವಾಡ, ಬೆಳಗಾವಿ, ಕಾರವಾರ ಇನ್ನೊಂದು ಕಡೆಯಿಂದ ಈ ಹಕ್ಕಿನೊಳಗೆ ಬಂದವು. ಆದರೆ ಆಸ್ತಿಯಿದ್ದವರಿಗೆ ಮಾತ್ರ. ಆಸ್ತಿ ಯಾರ ಹೆಸರಿನಲ್ಲಿರುತ್ತಿತ್ತು ಎಂದು ಕಂದಾಯ ಇಲಾಖೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾಗುವವರು ಮಂಗಳೂರಿನ ಇಬ್ಬರು. ಕಮಲಾದೇವಿ ಚಟ್ಟೋಪಾಧ್ಯಾಯ 1903ರಲ್ಲಿ ಅಲ್ಲಿ ಹುಟ್ಟಿದವರು. ಮಹಿಳೆಯರು ಮದರಾಸು ಶಾಸನ ಸಭೆಗೆ ಸ್ಪರ್ಧಿಸಬಹುದು ಎಂದಾದ ಕೂಡಲೇ, 1926ರಲ್ಲಿ ಕಣಕ್ಕಿಳಿದು ಅಲ್ಪ ಅಂತರದಲ್ಲಿ ಸೋತರು. ಇನ್ನೊಬ್ಬರು ದಲಿತರ ಶಿಕ್ಷಣಕ್ಕಾಗಿ ದುಡಿದ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ ಕಮಲಾದೇವಿ ಜೈಲು ಸೇರಿದರು. ಅದೇ ವರ್ಷದ ಕೊನೆಗೆ ರಾಧಾಬಾಯಿ ಪಂಜಾಬಿನ ಬೇಗಂ ಶಾ ನವಾಜ್ ಅವರೊಂದಿಗೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕುಳಿತಿದ್ದರು. ಮಹಿಳೆಯರಿಗೆ ವಿಶೇಷ ಅರ್ಹತೆಯ ಮೇಲಾದರೂ ಮತ ಸಿಗಲಿ, ಸ್ವಲ್ಪ ಕಾಲ ಸ್ಥಾನಗಳನ್ನು ಮೀಸಲಿಡಲಿ ಎಂಬುದು ಲಂಡನ್ನಿನಲ್ಲಿ ಕುಳಿತವರ ವಾದ. ಇಲ್ಲಿದ್ದ ಮಹಿಳಾ ಸಂಘಟನೆಗಳಿಗೆ ಅದು ಹಿಡಿಸಲಿಲ್ಲ. ದಯೆ ಬೇಡ, ಮೀಸಲು ಬೇಡ, ವಯಸ್ಕರೆಲ್ಲರಿಗೂ ಮತ ಬೇಕು ಎಂದವು. 1935ರ ಭಾರತ ಸರ್ಕಾರ ಕಾಯ್ದೆ ಎರಡೂ ಕಡೆಯವರನ್ನು ಪೂರ್ತಿ ತೃಪ್ತಿಪಡಿಸಲಿಲ್ಲ. ಅಕ್ಷರ ಬಲ್ಲವಳಿಗೆ ಮತ, ಆಸ್ತಿವಂತನ ಹೆಂಡತಿಗೋ ವಿಧವೆಗೋ ಮತ. ಹೀಗೆ ಸುಮಾರು 60 ಲಕ್ಷ ಮಹಿಳೆಯರು ಮತದಾರರಾದರು. ಹೆಂಡತಿ ಎಂಬ ಪದವೇ ಆಗ ಅರ್ಹತೆಯಾಗಿತ್ತು. 1951ರಲ್ಲಿ ಅದೇ ಪದ ಬರೆಸಿದವರನ್ನು ಸೇನ್ ಪಟ್ಟಿಯಿಂದ ತೆಗೆದರು. ಪಟ್ಟಿ ಬರೆಯುವವರ ಕಣ್ಣಿನಿಂದ ನೋಡಿದರೆ ಹದಿನಾರು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆ ಇದೇ.

ಅಜ್ಜಿಯಂದಿರು ಬೇಡವೆಂದ ಮೀಸಲನ್ನು ಮೊಮ್ಮಕ್ಕಳು ಹೋರಾಡಿ ಪಡೆದದ್ದು ಹೇಗೆ ಎಂದು ತರಬೇತಿಗಳಲ್ಲಿ ಕೇಳುವವರಿದ್ದಾರೆ. ನನಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಎಲ್ಲರಿಗೂ ಮತ ಸಿಕ್ಕರೆ ಸ್ಥಾನಗಳು ತಾವಾಗಿ ಬರುತ್ತವೆ ಎಂದು 1931ರ ಸುಮಾರಿಗೆ ಆ ಮಹಿಳಾ ಸಂಘಟನೆಗಳವರು ನಂಬಿದ್ದರು. ಐವತ್ತು ವರ್ಷ ಕಳೆದರೂ ಬರಲಿಲ್ಲ. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ ಬಂದ ಕರ್ನಾಟಕದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಶೇ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರ ಆ ಚುನಾವಣೆಯಲ್ಲಿ ನಾಮಪತ್ರವನ್ನು ಗಂಡ ತುಂಬಿ, ಗಂಡ ತಂದು, ಹೆಂಡತಿ ಹೆಬ್ಬೆಟ್ಟು ಒತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾವು ಸಿಬ್ಬಂದಿ ಮುಸಿಮುಸಿ ನಕ್ಕಿದ್ದೂ ಉಂಟು. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ, ಏಕೆಂದರೆ ಮುಂದೆ ಅವರಲ್ಲೇ ಕೆಲವರು ನಮ್ಮ ಕಚೇರಿಗೆ ತಾವೇ ಬಂದು, ಕೊಳವೆಬಾವಿಯ ಕಡತ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳತೊಡಗಿದರು.

ಇನ್ನು ಈಗಿನ ಮಾತು. 1962ರ ಲೋಕಸಭಾ ಚುನಾವಣೆಯಲ್ಲಿ ಪುರುಷರ ಮತದಾನ ಸುಮಾರು ಶೇ 63, ಮಹಿಳೆಯರದು ಸುಮಾರು ಶೇ 47. 2019ರಲ್ಲಿ ಮಹಿಳೆಯರು ಮೊದಲ ಬಾರಿಗೆ ಕೂದಲೆಳೆಯಷ್ಟು ಮುಂದೆ ಬಂದರು. ನೆನಪಿಡಬೇಕಾದ್ದೆಂದರೆ, ಈ ಲೆಕ್ಕ ಪಟ್ಟಿಯಲ್ಲಿ ಇರುವವರದು ಮಾತ್ರ. ಪಟ್ಟಿಯಿಂದ ಜಾರುವ ಹೆಂಗಸು ಇಂದು ಸಿಗುವುದು ಮದುವೆಯ ತಿರುವಿನಲ್ಲಿ. ತವರಿನಲ್ಲಿ ಯಾರೋ ನಮೂನೆ 7 ಕೊಟ್ಟು ಹೆಸರು ತೆಗೆಸುತ್ತಾರೆ. ಗಂಡನ ಮನೆಯಲ್ಲಿ ಸೇರಿಸುವವರಿಲ್ಲ. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಅಕ್ಕಿಯಲ್ಲಿ ಹೊಸ ಹೆಸರು ಬರೆಯುವ ಮನೆಗಳಲ್ಲಂತೂ ಆಧಾರ್‌ನಲ್ಲಿ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಅತ್ತೆ ಇಟ್ಟ ಹೆಸರು. ವಾಸಸ್ಥಳ ಬದಲಾದರೆ ನಮೂನೆ 8 ಸಾಕು, ಹೆಸರಿನ ತಿದ್ದುಪಡಿಗೂ ಅದೇ. ಅಳಿಸಿ ಹೊಸದಾಗಿ ಸೇರಿಸುವ ಗೋಜು ಬೇಡ. ಸೇರುವ ಅರ್ಹತಾ ದಿನಾಂಕವೂ ಈಗ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ. ಹದಿನೇಳು ತುಂಬಿದವಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಸ್ಥಾನ ಮೀಸಲಿಡುವ 2023ರ ತಿದ್ದುಪಡಿಯನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಗಂಟುಹಾಕಿದ್ದಾರೆ. ನಮೂನೆ 8ಕ್ಕೆ ಅಂಥ ಕಾಯುವಿಕೆ ಇಲ್ಲ.

ಬೂತ್ ಮಟ್ಟದ ಅಧಿಕಾರಿಗಳಾಗಿ ಬರುವ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿಯಲ್ಲಿ ಒಂದೇ ಒಂದು ಅಭ್ಯಾಸ ಮಾಡಿಸುತ್ತೇನೆ. ಬಾಗಿಲಲ್ಲಿ ಗಂಡ ನಿಂತು ಎಲ್ಲರ ಹೆಸರೂ ಒದರಿದರೆ ಪೆನ್ನು ಎತ್ತಬೇಡಿ, ಒಳಗಿನವರನ್ನು ಕರೆಯಿರಿ, ಅವರೇ ಹೇಳಲಿ. ಕಟ್ಟೆಯ ಮೇಲಿನ ಆ ಅಜ್ಜಿಯೊಂದಿಗೂ ಹಾಗೆಯೇ ಅರ್ಧ ಗಂಟೆ ಕುಳಿತಿದ್ದೆ. ಅವರಿಗೂ ಎರಡು ಹೆಸರುಗಳಿದ್ದವು. ಯಾವುದನ್ನು ಬರೆಯಲಿ ಎಂದು ಕೇಳಿದೆ. ಮೊರವನ್ನು ಬದಿಗಿಟ್ಟು, "ತವರಿನದು ಬರೆ. ಅದನ್ನು ಕರೆಯುವವರು ಈಗ ಯಾರೂ ಉಳಿದಿಲ್ಲ" ಎಂದರು.